ವೇಗ ಕೊಡದ ಭಾಗಕ್ಕೆ ಯಾಕೆ ದುಡ್ಡು?

ಡ್ರ್ಯಾಗ್ ರೇಸ್ ವಿಡಿಯೊ ನೋಡುವವರು ನಮ್ಮ ಕಾಲೇಜಿನಲ್ಲಿ ಬಹಳ ಜನ ಇದ್ದಾರೆ. ಊಟದ ಬಿಡುವಿನಲ್ಲಿ ಎಂಜಿನ್, ಟರ್ಬೊ, ಅಶ್ವಶಕ್ತಿ ಎಂದು ವಾದ ನಡೆಯುತ್ತಲೇ ಇರುತ್ತದೆ. ಗೇರ್‌ಬಾಕ್ಸಿನ ಹೌಸಿಂಗ್ ಬಗ್ಗೆ ಮಾತ್ರ ಯಾರೂ ಬಾಯಿ ಬಿಡುವುದಿಲ್ಲ. ಅಮೆರಿಕದ ರೇಸಿಗರು ತಲೆ ಕೆಡಿಸಿಕೊಳ್ಳುವ ಪ್ರಶ್ನೆಗಳಲ್ಲಿ ಅದೂ ಒಂದು: ಕಾರಿನ ಜೊತೆ ಕಂಪನಿಯಿಂದಲೇ ಬಂದ ಹಳೆಯ ಹೌಸಿಂಗ್ ಇಟ್ಟುಕೊಳ್ಳುವುದೋ, ರೇಸಿಗೆಂದೇ ಬೇರೆಯವರು ಎರಕ ಹೊಯ್ದದ್ದನ್ನು ಕೊಳ್ಳುವುದೋ? ನಾನು ಕಾಮರ್ಸ್ ವಿದ್ಯಾರ್ಥಿ, ಸ್ಪ್ಯಾನರ್ ಹಿಡಿದವನಲ್ಲ. ಆದರೆ ಇದು ಮುಕ್ಕಾಲು ಪಾಲು ಲೆಕ್ಕದ ಪ್ರಶ್ನೆ ಎಂದು ನನಗೆ ಅನಿಸುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಕಡೆಯ ಗ್ಯಾರೇಜುಗಳಲ್ಲಿ ‘ಕಂಪನಿ ಪಾರ್ಟ್’ ಅಂದರೆ ನಂಬಬಹುದಾದದ್ದು, ‘ಹೊರಗಿನದು’ ಅಂದರೆ ಅಗ್ಗದ ನಕಲು. ಡ್ರ್ಯಾಗ್ ರೇಸಿನಲ್ಲಿ ಇದು ತಲೆಕೆಳಗು. ಅಲ್ಲಿ ಹೊರಗಿನ ಹೌಸಿಂಗೇ ಗಟ್ಟಿ, ಬೆಲೆಯೂ ಅದಕ್ಕೇ ಹೆಚ್ಚು. ಕಾರಣ ತಿಳಿಯಲು ಪವರ್‌ಗ್ಲೈಡ್ ಎಂಬ ಗೇರ್‌ಬಾಕ್ಸ್ ನೋಡಿದರೆ ಸಾಕು. ಜನರಲ್ ಮೋಟಾರ್ಸ್ ಇದನ್ನು 1950ರಲ್ಲಿ ಶೆವ್ರೊಲೆ ಕಾರುಗಳಿಗೆ ತಂದು 1973ರಲ್ಲಿ ನಿಲ್ಲಿಸಿತು. ಮನೆಮಂದಿ ಕೂತು ಪೇಟೆಗೆ ಹೋಗಿಬರುವ ಕಾರಿನ, ಎರಡೇ ಗೇರಿನ ಆಟೊಮ್ಯಾಟಿಕ್ ಅದು. ಆ ಎರಡೇ ಗೇರು ರೇಸಿಗರಿಗೆ ವರವಾಯಿತು. ಕಾಲು ಮೈಲಿ, ಅಂದರೆ ಸುಮಾರು 402 ಮೀಟರ್ ಓಟದಲ್ಲಿ ಒಂದೇ ಸಲ ಗೇರ್ ಬದಲು. ಒಳಗೆ ತಿರುಗುವ ಭಾಗಗಳು ಕಡಿಮೆ, ಹಾಗಾಗಿ ಎಂಜಿನ್ನಿನ ಶಕ್ತಿ ಪೋಲಾಗುವುದೂ ಕಡಿಮೆ. ಅದಕ್ಕೇ ಇವತ್ತಿಗೂ ಅದನ್ನು ಬಿಟ್ಟಿಲ್ಲ. ಆದರೆ ಕೆಲವು ನೂರು ಅಶ್ವಶಕ್ತಿಗೆಂದು ಎರಕ ಹೊಯ್ದ ಅಲ್ಯೂಮಿನಿಯಂ ಹೌಸಿಂಗಿಗೆ ಈಗ ಸಾವಿರ ದಾಟಿದ ಎಂಜಿನ್ ಕಟ್ಟುತ್ತಾರೆ. ಎಷ್ಟೇ ತೊಳೆದು ಬಣ್ಣ ಹೊಡೆದರೂ ಆ ಎರಕಕ್ಕೆ 50 ವರ್ಷ ದಾಟಿದೆ.

‘ಡಬ್ಬಿ ತಾನೇ, ಆಯಿಲ್ ಸೋರದಿದ್ದರೆ ಸಾಕಲ್ಲ’ ಎಂದು ಗೆಳೆಯನೊಬ್ಬ ಕೇಳಿದ. ಸಾಲದು. ಎಂಜಿನ್ ತಿರುಚಿದಾಗ ಒಳಗಿನ ಭಾಗಗಳು ಒತ್ತು ಕೊಟ್ಟು ನಿಲ್ಲುವುದೇ ಈ ಹೌಸಿಂಗಿನ ಮೇಲೆ. ಪವರ್‌ಗ್ಲೈಡಿನಲ್ಲಿ ಮೊದಲ ಗೇರಿಗೆ ಡ್ರಮ್ಮನ್ನು ಬಿಗಿಹಿಡಿಯುವ ಬ್ಯಾಂಡಿನ ಆಧಾರ ಅದರ ಗೋಡೆಯಲ್ಲಿದೆ. ರಿವರ್ಸ್ ಕ್ಲಚ್ಚಿನ ಉಕ್ಕಿನ ಪ್ಲೇಟುಗಳು ಕೂರುವ ಗೀರುಗಳೂ ಅದರಲ್ಲೇ. ಇನ್ನು ಟ್ರಾನ್ಸ್‌ಬ್ರೇಕ್ ಎಂಬುದೊಂದಿದೆ. ಹೊರಡುವ ಗೆರೆಯ ಮೇಲೆ ಮೊದಲ ಗೇರು, ರಿವರ್ಸ್ ಎರಡನ್ನೂ ಒಟ್ಟಿಗೆ ಹಾಕಿ ಕಾರನ್ನು ನಿಂತಲ್ಲೇ ಕಟ್ಟಿಹಾಕುತ್ತಾರೆ. ಎಂಜಿನ್ ಅಬ್ಬರಿಸುತ್ತಿರುತ್ತದೆ. ದೀಪ ನೋಡಿ ಗುಂಡಿ ಬಿಟ್ಟರೆ ಕಾರು ನೆಗೆಯುತ್ತದೆ. ಅಲ್ಲಿಯವರೆಗಿನ ಜಗ್ಗಾಟವನ್ನೆಲ್ಲ ತಡೆದುಕೊಳ್ಳುವುದು ಆ ಎರಕದ ಗೋಡೆ. ರೀಡ್ ರೇಸಿಂಗ್‌ನಂಥ ಕಂಪನಿಗಳು ತಮ್ಮ ಹೌಸಿಂಗಿನಲ್ಲಿ ಇಂಥ ಜಾಗಗಳಿಗೇ ಹೆಚ್ಚು ಲೋಹ ಕೊಟ್ಟಿರುತ್ತವೆ. ಎಂಜಿನ್ನಿಗೆ ಕೂಡುವ ಮುಂಭಾಗವನ್ನು ಬೋಲ್ಟ್ ಬಿಚ್ಚಿ ಬೇರೆ ಮಾಡುವ ಅನುಕೂಲವೂ ಇರುತ್ತದೆ. ಹಳೆಯದರಲ್ಲಿ ಎಲ್ಲ ಒಂದೇ ಎರಕ.

ಹೌಸಿಂಗ್ ಒಡೆದರೆ ಏನಾಗುತ್ತದೆ? ಡಾನ್ ಗಾರ್ಲಿಟ್ಸ್ ಹೆಸರು ಕೆಲವರಿಗಾದರೂ ಗೊತ್ತಿರಬಹುದು. ಅಮೆರಿಕದ ಡ್ರ್ಯಾಗ್ ರೇಸಿನಲ್ಲಿ ಅವರಷ್ಟು ದೊಡ್ಡ ಹೆಸರು ಕಡಿಮೆ. ಆಗಿನ ಡ್ರ್ಯಾಗ್‌ಸ್ಟರ್‌ಗಳಲ್ಲಿ ಚಾಲಕ ಎಂಜಿನ್ನಿನ ಹಿಂದೆ ಕೂರುತ್ತಿದ್ದ, ಗೇರ್‌ಬಾಕ್ಸ್ ಅವನ ಕಾಲುಗಳ ಹತ್ತಿರವೇ ಇರುತ್ತಿತ್ತು. 1970ರ ಮಾರ್ಚ್ 8ರಂದು ಕ್ಯಾಲಿಫೋರ್ನಿಯಾದ ಲಯನ್ಸ್ ಟ್ರ್ಯಾಕಿನಲ್ಲಿ ಗೆರೆ ಬಿಟ್ಟು ಹೊರಡುವಾಗಲೇ ಅವರ ಎರಡು ಗೇರಿನ ಪೆಟ್ಟಿಗೆ ಸಿಡಿಯಿತು. ಕಾರು ಎರಡು ತುಂಡಾಯಿತು. ಗಾರ್ಲಿಟ್ಸ್ ಬಲಪಾದದ ಒಂದು ಭಾಗ ಕಳೆದುಕೊಂಡರು. ನೋಡಲು ಬಂದಿದ್ದ ಪ್ರೇಕ್ಷಕನೊಬ್ಬನಿಗೂ ಗಾಯವಾಯಿತು. ಆಮೇಲೆ ಅವರು ಎಂಜಿನ್ನನ್ನು ಚಾಲಕನ ಹಿಂದಕ್ಕೆ ಹಾಕಿದ ಕಾರು ಕಟ್ಟಿ 1971ರಲ್ಲಿ ಗೆಲ್ಲತೊಡಗಿದ್ದು, ಉಳಿದವರೂ ಅದೇ ದಾರಿ ಹಿಡಿದದ್ದು ಇತಿಹಾಸ.

ಇಲ್ಲಿ ಗಮನಿಸಬೇಕಾದ ಒಂದು ಅಂಶ ಇದೆ, ಅದು ನನ್ನ ವಾದಕ್ಕೇ ಸ್ವಲ್ಪ ತೊಡಕು. ಗಾರ್ಲಿಟ್ಸ್ ಬಳಸಿದ್ದು ಮನೆಬಳಕೆಯ ಕಾರಿನ ಗೇರ್‌ಬಾಕ್ಸ್ ಅಲ್ಲ, ರೇಸಿಗೆಂದೇ ಮಾಡಿದ್ದು. ಅಂದರೆ ‘ಹೊರಗಿನದು’ ಎಂಬ ಒಂದೇ ಕಾರಣಕ್ಕೆ ಯಾವುದೂ ಕಾಯುವುದಿಲ್ಲ. ಹಾಗಾಗಿ ಕಂಪನಿಯದೋ ಹೊರಗಿನದೋ ಎಂದು ಕೇಳುವುದಕ್ಕಿಂತ, ಒಳಗಿನದು ಪುಡಿಯಾದಾಗ ಚೂರುಗಳು ಹೊರಗೆ ಬರದಂತೆ ತಡೆಯುತ್ತದೆ ಎಂದು ಯಾರಾದರೂ ಪರೀಕ್ಷೆ ಮಾಡಿದ್ದಾರೆಯೇ ಎಂದು ಕೇಳುವುದು ಮೇಲು. ಅದಕ್ಕೆ ಎಸ್‌ಎಫ್‌ಐ 4.1 ಎಂಬ ಮಾನದಂಡವಿದೆ (ಇದು ವಿದ್ಯಾರ್ಥಿ ಸಂಘಟನೆ ಅಲ್ಲ, ಅಮೆರಿಕದ ರೇಸ್ ಸುರಕ್ಷತಾ ಸಂಸ್ಥೆ). ಕಾರು ಇಂತಿಷ್ಟು ವೇಗ ದಾಟಿತು ಎಂದರೆ ಆ ಗುರುತಿನ ರಕ್ಷಣೆ ಇಲ್ಲದೆ ಟ್ರ್ಯಾಕಿಗೆ ಬಿಡುವುದಿಲ್ಲ. ಕಂಪನಿ ಹೌಸಿಂಗ್ ಇದ್ದವರು ಅದರ ಮೇಲೆ ಗುಂಡುನಿರೋಧಕ ಬಟ್ಟೆಯಂಥ ಹೊದಿಕೆಯನ್ನೋ ಗಟ್ಟಿ ಕವಚವನ್ನೋ ಹಾಕಬೇಕು. ಹೊರಗಿನ ಕೆಲವು ಹೌಸಿಂಗುಗಳಿಗೆ ಆ ಗುರುತು ತಾವಾಗಿಯೇ ಇರುತ್ತದೆ, ಹೊದಿಕೆ ಬೇಡ. ಗುರುತು ಇಲ್ಲದ್ದನ್ನು ಬರೀ ಹೊಳಪು ನೋಡಿ ಕೊಂಡರೆ ದುಡ್ಡು ದಂಡ.

ಈಗ ಲೆಕ್ಕಕ್ಕೆ ಬರೋಣ. ಕಂಪನಿ ಹೌಸಿಂಗ್ ಪರವಾಗಿ ಹೇಳುವವರು ಹೇಳುವುದು ಒಂದೇ: ಅಗ್ಗ, ಒಡೆದರೆ ಗುಜರಿಯಿಂದ ಇನ್ನೊಂದು ತಂದರಾಯಿತು. ನಮ್ಮ ಅಕೌಂಟೆನ್ಸಿಯ ಭಾಷೆಯಲ್ಲಿ ಅವರು ಬಂಡವಾಳ ವೆಚ್ಚವನ್ನು ತಪ್ಪಿಸಿ ರಿಪೇರಿ ವೆಚ್ಚವನ್ನು ಒಪ್ಪಿಕೊಳ್ಳುತ್ತಿದ್ದಾರೆ. ಆದರೆ ರಿಪೇರಿ ಖಾತೆಗೆ ಏನೇನು ಬರೆಯುತ್ತಾರೆ ನೋಡಿ. ಹೌಸಿಂಗ್ ಒಂದೇ ಒಡೆಯುವುದಿಲ್ಲ. ಒಳಗೆ ಹಾಕಿದ ದುಬಾರಿ ಡ್ರಮ್ಮು, ಗೇರು, ಶಾಫ್ಟುಗಳನ್ನೂ ಕರೆದುಕೊಂಡೇ ಹೋಗುತ್ತದೆ. ಅವತ್ತಿನ ಪ್ರವೇಶ ಶುಲ್ಕ, ದೂರದಿಂದ ಕಾರು ತಂದ ಡೀಸೆಲ್ ಖರ್ಚು ಹೋಯಿತು. ಟ್ರ್ಯಾಕಿನ ಮೇಲೆ ಆಯಿಲ್ ಚೆಲ್ಲಿದರೆ ಅದನ್ನು ಒರೆಸುವವರೆಗೆ ಎಲ್ಲರ ರೇಸೂ ನಿಲ್ಲುತ್ತದೆ. ದೊಡ್ಡ ರೇಸುಗಳಲ್ಲಿ ಅದಕ್ಕೆ ದಂಡವೂ ಇದೆ. ಗುಜರಿಯೂ ಅಕ್ಷಯಪಾತ್ರೆಯಲ್ಲ. 1973ರಲ್ಲಿ ನಿಂತುಹೋದ ವಸ್ತು ಪ್ರತಿ ವರ್ಷ ಇನ್ನಷ್ಟು ಕಡಿಮೆಯಾಗುತ್ತದೆ, ಸಿಕ್ಕಿದ್ದರಲ್ಲೂ ಸವೆದ ರಂಧ್ರ, ಕಾಣದ ಬಿರುಕು. ಬರಬಹುದಾದ ನಷ್ಟಕ್ಕೆ ಈಗಲೇ ಹಣ ತೆಗೆದಿಡು, ಲಾಭವನ್ನು ಮಾತ್ರ ಕೈಗೆ ಬಂದ ಮೇಲೆ ಬರೆ ಎಂದು ಪ್ರಥಮ ಪಿಯುಸಿಯಲ್ಲೇ ಪ್ರೂಡೆನ್ಸ್ ಹೆಸರಲ್ಲಿ ಓದಿದ್ದೇವಲ್ಲ, ಹೌಸಿಂಗ್ ಕೊಳ್ಳುವುದು ಅದೇ. ಗಾರ್ಲಿಟ್ಸ್ ಪಾದವನ್ನು ಯಾವ ಖಾತೆಗೆ ಬರೆಯುವುದೋ ನನಗೆ ತಿಳಿಯದು.

ಹಾಗೆಂದು ಎಲ್ಲರೂ ಹೊರಗಿನದನ್ನೇ ಕೊಳ್ಳಲಿ ಎಂದು ನಾನು ಹೇಳುವುದಿಲ್ಲ. ಅಲ್ಲಿ ಬ್ರ್ಯಾಕೆಟ್ ರೇಸಿಂಗ್ ಎಂಬ ಚೆಂದದ ಪದ್ಧತಿ ಇದೆ. ಪ್ರತಿಯೊಬ್ಬ ತನ್ನ ಕಾರು ಎಷ್ಟು ಸೆಕೆಂಡಿನಲ್ಲಿ ಮುಗಿಸುತ್ತದೆ ಎಂದು ಮೊದಲೇ ಬರೆದು ಹೇಳಬೇಕು. ನಿಧಾನದ ಕಾರಿಗೆ ಮೊದಲು ಹಸಿರು ದೀಪ. ಹೇಳಿದ್ದಕ್ಕಿಂತ ಬೇಗ ಮುಗಿಸಿದರೆ ಸೋಲು! ಇಲ್ಲಿ ಗೆಲ್ಲುವುದು ಶಕ್ತಿಯಲ್ಲ, ಒಂದೇ ತೆರನಾಗಿ ಓಡುವ ಕಾರು. ಸಾಧಾರಣ ಎಂಜಿನ್ ಇಟ್ಟುಕೊಂಡು ಇಂಥ ರೇಸ್ ಓಡುವವನಿಗೆ ಬಿರುಕಿಲ್ಲದ ಕಂಪನಿ ಹೌಸಿಂಗ್ ಧಾರಾಳ ಸಾಕು. ಅವನು ಬ್ರ್ಯಾಂಡ್ ಹೆಸರಿಗೆ ದೊಡ್ಡ ಹಣ ಕೊಟ್ಟರೆ ಅದು ಶೋಕಿ, ಅಷ್ಟೆ.

ನನಗೆ ಸಿಟ್ಟು ಬರುವುದು ಇವೆರಡರ ನಡುವಿನವರ ಮೇಲೆ. ಮೊದಲು ಟರ್ಬೊ, ಆಮೇಲೆ ಒಳಗಿನ ಗೇರು, ಆಮೇಲೆ ಟೈರು, ಹೌಸಿಂಗ್ ಮಾತ್ರ ಒಡೆದ ಮೇಲೆ. ಯಾಕೆಂದರೆ ಅದು ಒಂದು ಕ್ಷಣದ ವೇಗವನ್ನೂ ಕೊಡುವುದಿಲ್ಲ, ವಿಡಿಯೊದಲ್ಲಿ ಕಾಣುವುದೂ ಇಲ್ಲ. ಈ ಬುದ್ಧಿ ಅಮೆರಿಕಕ್ಕೆ ಮಾತ್ರ ಸೇರಿದ್ದಲ್ಲ. ನಮ್ಮ ಕಾಲೇಜಿನ ಪಾರ್ಕಿಂಗಿಗೆ ಒಮ್ಮೆ ಹೋಗಿ ಬನ್ನಿ. ಸೈಲೆನ್ಸರ್ ಬದಲಾಗಿದೆ, ಸ್ಪ್ರಾಕೆಟ್ ಬದಲಾಗಿದೆ. ಬ್ರೇಕ್ ಪ್ಯಾಡ್ ಷೋರೂಮಿನಿಂದ ಬಂದದ್ದೇ, ಟೈರು ನುಣ್ಣಗೆ. ಆ ಸೈಲೆನ್ಸರುಗಳನ್ನು ನಮ್ಮ ರಾಜ್ಯದ ಊರುಗಳಲ್ಲಿ ಪೊಲೀಸರು ಕಿತ್ತು ರೋಡ್ ರೋಲರ್ ಕೆಳಗೆ ಹಾಕಿದ್ದನ್ನೂ ನೋಡಿದ್ದೇವೆ.

‘ಎಲ್ಲ ಸರಿ, ದುಡ್ಡಿಲ್ಲದವನು ಏನು ಮಾಡಬೇಕು?’ ಎಂದು ಅದೇ ಗೆಳೆಯ ಕೇಳಿದ. ನ್ಯಾಯವಾದ ಪ್ರಶ್ನೆ. ಅವನು ಕಂಪನಿ ಹೌಸಿಂಗನ್ನೇ ಇಟ್ಟುಕೊಳ್ಳಲಿ, ಬಿಚ್ಚಿದಾಗಲೆಲ್ಲ ಬ್ಯಾಂಡಿನ ಆಧಾರದ ಜಾಗದಲ್ಲಿ ಬಿರುಕು ಹುಡುಕಲಿ, ಮೇಲೆ ಪ್ರಮಾಣಿತ ಹೊದಿಕೆ ಹಾಕಲಿ. ಎಂಜಿನ್ನಿನ ಶಕ್ತಿಯನ್ನು ಆ ಹೌಸಿಂಗ್ ತಡೆಯುವಷ್ಟಕ್ಕೇ ನಿಲ್ಲಿಸಲಿ. ಒಂದು ವರ್ಷ ದುಡ್ಡು ಕೂಡಿಟ್ಟು ಮೊದಲು ಹೌಸಿಂಗ್ ತರಲಿ, ಟರ್ಬೊ ಅದರ ಮಾರನೆಯ ವರ್ಷ.