ಕಿವಿ ಬಳ್ಳಿಯೂ ದೇಶಸಾತ್ಮ್ಯವೂ

ಡೆಂಗಿ ಜ್ವರದ ಕಾಲ ಬಂದಿತೆಂದರೆ ನಮ್ಮ ಪೇಟೆಗಳಲ್ಲಿ ಕಿವಿ ಹಣ್ಣಿಗೆ ಬೇಡಿಕೆ ಏರುತ್ತದೆ. ಅದರ ಬೆನ್ನಲ್ಲೇ ಶ್ರೀಮಠದ ಭಕ್ತರಿಂದ ಒಂದು ಪ್ರಶ್ನೆಯೂ ಬರುತ್ತಿದೆ: ಈ ಬಳ್ಳಿಯನ್ನು ನಮ್ಮ ಹೊಲದಲ್ಲಿಯೇ ಏಕೆ ಬೆಳೆಯಬಾರದು? ಶೀತದೇಶಗಳಲ್ಲಿ ನೆಲೆಸಿರುವ ಶರಣಬಂಧುಗಳು ಕೇಳುವುದೂ ಇದನ್ನೇ. ಪ್ರಶ್ನೆ ಒಂದಾದರೂ ನಾವು ಕೊಡುವ ಉತ್ತರ ಎರಡು.

ಅಂಗಡಿಯಲ್ಲಿ ಕಾಣುವ ರೋಮಸಹಿತ ಕಿವಿಯ ಕುಲದಲ್ಲಿಯೇ ಚಳಿಗೆ ಜಗ್ಗದ ಇನ್ನೊಂದು ಬಳ್ಳಿಯಿದೆ. ಸಸ್ಯಶಾಸ್ತ್ರಜ್ಞರು ಅದನ್ನು ಆಕ್ಟಿನಿಡಿಯಾ ಅರ್ಗುಟಾ ಎನ್ನುತ್ತಾರೆ. ಜಪಾನ್, ಕೊರಿಯಾ, ಉತ್ತರ ಚೀನಾ ಹಾಗೂ ರಷ್ಯಾದ ಪೂರ್ವದಂಚಿನ ಕಾಡುಗಳು ಅದರ ತವರು. ಹಣ್ಣು ದ್ರಾಕ್ಷಿಗಿಂತ ತುಸು ದೊಡ್ಡದು. ಸಿಪ್ಪೆ ನುಣುಪಾಗಿರುವುದರಿಂದ ಇಡಿಯಾಗಿಯೇ ತಿನ್ನಬಹುದು. ಎಲೆಯುದುರಿಸಿ ನಿದ್ರಿಸುವಾಗ ಈ ಬಳ್ಳಿ ಸೊನ್ನೆಗಿಂತ 25 ಡಿಗ್ರಿ ಕೆಳಗಿನ ಚಳಿಯನ್ನೂ ತಾಳುತ್ತದೆ. ಆದರೆ ವಸಂತದಲ್ಲಿ ಒಡೆದ ಅದರ ಎಳೆಚಿಗುರು ಹಿಮ ಕಟ್ಟಿದ ಒಂದೇ ರಾತ್ರಿಗೆ ಕಪ್ಪಾಗಿ ಸುಟ್ಟುಹೋಗುತ್ತದೆ. ಆದುದರಿಂದ ತಂಪುನಾಡಿನಲ್ಲಿಯೂ ಶೀತಗಾಳಿ ಮಡುಗಟ್ಟುವ ತಗ್ಗಿನಲ್ಲಿ ಇದನ್ನು ನೆಡಬಾರದು. ನೀರು ಬಸಿದುಹೋಗುವ ಇಳಿಜಾರು ಲೇಸು.

ಇದರಲ್ಲಿ ಗಂಡು ಹೆಣ್ಣು ಬೇರೆ ಬೇರೆ ಬಳ್ಳಿಗಳು. ಆರೆಂಟು ಹೆಣ್ಣುಬಳ್ಳಿಗಳಿಗೆ ಒಂದು ಗಂಡುಬಳ್ಳಿ ಸಾಕು, ಅದಿಲ್ಲದೆ ಹಣ್ಣಿಲ್ಲ. ಬೀಜದಿಂದ ಬಂದ ಸಸಿ ಗಂಡೋ ಹೆಣ್ಣೋ ಎಂಬುದು ಹೂಬಿಡುವವರೆಗೆ ತಿಳಿಯದು. ಆದ್ದರಿಂದ ಲಿಂಗ ತಿಳಿದ ಗಿಡದಿಂದ ಕಡ್ಡಿ ಕತ್ತರಿಸಿ ಬೆಳೆಸಿದ ಸಸಿಯನ್ನೇ ಕೊಳ್ಳಬೇಕು. ಗಟ್ಟಿಯಾದ ಕಂಬ, ತಂತಿಗಳ ಚಪ್ಪರ ಬೇಕು. ಪ್ರತಿ ಚಳಿಗಾಲದಲ್ಲಿ ಸವರಬೇಕು. ಮರುಕಪಟ್ಟು ಕತ್ತರಿ ಹಾಕದವನಿಗೆ ದಕ್ಕುವುದು ಎಲೆಯಷ್ಟೇ. ಫಲಕ್ಕೆ ಮೂರರಿಂದ ಐದು ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು ಕಾಯಬೇಕು. ಒಳಗಿನ ಬೀಜ ಕಪ್ಪಾದ ಮೇಲೆ ಕಾಯಿ ಗಟ್ಟಿಯಿರುವಾಗಲೇ ಕಿತ್ತು ಮನೆಯಲ್ಲಿ ಹಣ್ಣುಮಾಡಬಹುದು. ಶೀತದೇಶದ ಭಕ್ತರು ಹಿತ್ತಿಲಿನಲ್ಲಿ ಇದನ್ನು ಅವಶ್ಯ ಬೆಳೆಯಲಿ. ಅಮೆರಿಕದ ಮ್ಯಾಸಚೂಸೆಟ್ಸ್‌ನಂಥ ಕಡೆ ಇದು ಕಾಡಿಗೆ ಹಬ್ಬಿ ಮರಗಳನ್ನು ಮುಸುಕಿದ್ದುಂಟು. ಅಂಥಲ್ಲಿ ಮೊದಲು ಸ್ಥಳೀಯರನ್ನು ವಿಚಾರಿಸುವುದೊಳಿತು.

ನಮ್ಮ ನಾಡಿನ ರೈತಬಂಧುಗಳಿಗೆ ಮಾತ್ರ ಬೇಡವೆಂದೇ ಹೇಳುತ್ತೇವೆ. ಸಸಿ ಮಾರುವವರು "ಗಟ್ಟಿ ತಳಿ, ಎಲ್ಲಿಯಾದರೂ ಬರುತ್ತದೆ" ಎನ್ನುತ್ತಾರೆ. ಅದು ಗಟ್ಟಿಯಿರುವುದು ಚಳಿಗೆ, ಸೆಕೆಗಲ್ಲ. ದೀರ್ಘವಾದ ಚಳಿಯ ನಿದ್ರೆಯಿಲ್ಲದೆ ಅದು ಸರಿಯಾಗಿ ಹೂಬಿಡದು. ಚಿಕ್ಕಮಗಳೂರು, ಮಡಿಕೇರಿಗಳ ತಂಪು ನಮಗೆ ತಂಪು, ಆ ಬಳ್ಳಿಗಲ್ಲ. ರೋಮದ ಕಿವಿಯ ಕಥೆಯೂ ಇದೇ. 1960ರ ದಶಕದಲ್ಲಿ ಬೆಂಗಳೂರಿನ ಲಾಲ್‌ಬಾಗಿನಲ್ಲಿ ಅದನ್ನು ನೆಟ್ಟರು, ಫಲ ಬರಲಿಲ್ಲ. ಶಿಮ್ಲಾದಲ್ಲಿ ನೆಟ್ಟರು, ಬಂದಿತು. ಇಂದು ಹಿಮಾಚಲ, ಅರುಣಾಚಲಗಳ ರೈತರು ಅದನ್ನು ಬೆಳೆಯುತ್ತಿದ್ದಾರೆ. ಸಾಲ ಮಾಡಿ ಚಪ್ಪರ ಹಾಕಿ ಐದು ವರ್ಷ ಕಾದ ಮೇಲೆ ಬರಿಯ ಎಲೆ ಕಂಡ ರೈತನ ಗತಿಯೇನು?

ಆಯುರ್ವೇದವು ದೇಶಸಾತ್ಮ್ಯವೆಂದು ಕರೆಯುವುದು ಹೊರಗಿನದರ ದ್ವೇಷವನ್ನಲ್ಲ. ಸೀಬೆಯೂ ಮೆಣಸಿನಕಾಯಿಯೂ ಕಡಲಾಚೆಯಿಂದ ಬಂದು ನಮ್ಮವಾದವು. ನಮ್ಮ ಮಣ್ಣು, ಹವೆ ಅವಕ್ಕೆ ಒಗ್ಗಿದವು. 100 ಗ್ರಾಂ ಹಸಿರು ಕಿವಿಯಲ್ಲಿ ಸಿ ಜೀವಸತ್ವ 90 ಮಿಲಿಗ್ರಾಂ ಆಸುಪಾಸು ಇದ್ದರೆ ಸೀಬೆಯಲ್ಲಿ 200 ಮೀರುತ್ತದೆ. ಬೆಟ್ಟದ ನೆಲ್ಲಿಯಂತೂ ಕಿವಿಯನ್ನು ಬಹುದೂರ ಹಿಂದಿಕ್ಕುತ್ತದೆ.

ಕಿವಿ ಕೆಟ್ಟ ಹಣ್ಣೆಂದು ನಾವು ಹೇಳುತ್ತಿಲ್ಲ. ಮಲಬದ್ಧತೆಯುಳ್ಳವರಿಗೆ ಅದು ಹಿತವೇ. ಆದರೆ ಅದರಲ್ಲಿರುವ ಆಕ್ಟಿನಿಡಿನ್ ಎಂಬ ಕಿಣ್ವ ಹಾಲಿನ ಪ್ರೋಟೀನನ್ನು ಒಡೆಯುವುದರಿಂದ, ಹಸಿ ಕಿವಿಯನ್ನು ಹಾಲಿನೊಡನೆ ಅರೆದಿಟ್ಟರೆ ಕಹಿಯಾಗುತ್ತದೆ. ಹುಳಿಹಣ್ಣು ಹಾಲು ಕೂಡದೆಂದು ಹಿರಿಯರು ಹೇಳಿದ್ದು ಇಲ್ಲಿಯೂ ಸಲ್ಲುತ್ತದೆ. ತಿಂದೊಡನೆ ಬಾಯಿ ತುರಿಸುವವರು, ತುಟಿ ಊದುವವರು ಅದನ್ನು ಪೂರ್ಣ ವರ್ಜಿಸಬೇಕು.

ಡೆಂಗಿಯ ವಿಷಯದಲ್ಲಿ ಮಾತ್ರ ನಮ್ಮ ಮಾತನ್ನು ದಯಮಾಡಿ ಲಕ್ಷ್ಯವಿಟ್ಟು ಕೇಳಬೇಕು. ಕಿವಿಯಿಂದ ಪ್ಲೇಟ್‌ಲೆಟ್ ಏರುತ್ತದೆಂಬ ನಂಬಿಕೆಗೆ ದೃಢವಾದ ಆಧಾರವಿಲ್ಲ. ದಿನಗೂಲಿಯ ಕುಟುಂಬವು ಆ ಹಣವನ್ನು ಹಣ್ಣಿಗೆ ಸುರಿಯಬೇಕಾಗಿಲ್ಲ. ಗಂಜಿ, ಎಳನೀರು, ಮಜ್ಜಿಗೆ ಧಾರಾಳವಾಗಿ ಕೊಡಲಿ. ಜ್ವರ ಇಳಿಯಿತೆಂದು ನೆಮ್ಮದಿಪಡುವ ಆ ಒಂದೆರಡು ದಿನಗಳೇ ಅಪಾಯದವು. ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ, ವಿಪರೀತ ಸುಸ್ತು ಇವುಗಳಲ್ಲಿ ಯಾವುದೊಂದು ಕಂಡರೂ ನಮ್ಮ ಕಷಾಯಕ್ಕೂ ಕಾಯದೆ ಕೂಡಲೇ ಆಸ್ಪತ್ರೆಗೆ ಹೊರಡಿ.