ಸ್ಯಾಂಪಲ್ ಒಯ್ಯುವವರ ಜೀವಕ್ಕೂ ಬೆಲೆ ಅದ



ದೇಶದ ಮೊದಲ ಕೊರೊನಾ ಸಾವು ನಮ್ಮ ಕಲಬುರಗಿಯ ಹಿರಿಯರದ್ದು. ಅವರು ತೀರಿಕೊಂಡಿದ್ದು 2020ರ ಮಾರ್ಚ್ 10ಕ್ಕೆ, ಸೋಂಕು ಖಚಿತ ಆಗಿದ್ದು 12ಕ್ಕೆ. ಸ್ಯಾಂಪಲ್ ಬೆಂಗಳೂರಿಗೆ ಹೋಗಬೇಕಿತ್ತು. ಆಮೇಲೆ ಕಲಬುರಗಿಯಲ್ಲೇ ಲ್ಯಾಬ್ ಆಯ್ತು, ಒಳ್ಳೇದೇ ಆಯ್ತು. ಆದರೆ ಆಳಂದ, ಅಫಜಲಪುರ, ಜೇವರ್ಗಿಯಿಂದ ಆ ಲ್ಯಾಬಿನ ಬಾಗಿಲ ತನಕ ಸ್ಯಾಂಪಲ್ ಮುಟ್ಟಿಸುವ ಕೈಗಳ ಬಗ್ಗೆ ಯಾರು ಮಾತಾಡಿದ್ರು?

ಸಾಮಾನ್ಯ ವಿಟಿಎಂ ಟ್ಯೂಬಿನಲ್ಲಿ ವೈರಸ್ ಜೀವಂತ ಇರ್ತದ. ಲ್ಯಾಬಿನೊಳಗೆ ಅದನ್ನು ತೆರೆಯೋರಿಗೆ ಸುರಕ್ಷತಾ ಕ್ಯಾಬಿನೆಟ್ ಅದ. ದಾರಿಯಲ್ಲಿ ಮುಚ್ಚಳ ಸಡಿಲಾದ್ರೆ ಡಬ್ಬಿ ಹೊರೋರಿಗೆ, ಚೆಲ್ಲಿದ್ದನ್ನು ಒರೆಸೋರಿಗೆ ಏನದ? ಆ ಒರೆಸುವ ಕೈಗಳು ಯಾವ ಕೇರಿಯವು ಅಂತ ನಿಮಗೆ ಬಿಡಿಸಿ ಹೇಳಬೇಕಿಲ್ಲ.

ಇದಕ್ಕೊಂದು ದಾರಿ ಅದ. ಗ್ವಾನಿಡಿನ್ ಥಯೋಸಯನೇಟ್ ಇರುವ ಟ್ಯೂಬ್ ಸಿಗ್ತದ. ಸ್ವ್ಯಾಬ್ ಅದರೊಳಗೆ ಸರಿಯಾಗಿ ಮುಳುಗಿ, ಹೇಳಿದಷ್ಟು ಹೊತ್ತು ಇದ್ರೆ ವೈರಸ್ಸಿನ ಹೊದಿಕೆ ಒಡೆದು ಅದು ಸೋಂಕು ತಗುಲಿಸೋ ಶಕ್ತಿ ಕಳ್ಕೊಳ್ತದ. ಆರ್‌ಎನ್‌ಎ ಉಳೀತದ. ಆರ್‌ಟಿ-ಪಿಸಿಆರ್‌ಗೆ ಬೇಕಾಗಿರೋದು ಅದಷ್ಟೇ. ರ‍್ಯಾಪಿಡ್ ಆಂಟಿಜೆನ್ ಟೆಸ್ಟಿಗೆ, ವೈರಸ್ ಬೆಳೆಸಿ ನೋಡೋದಕ್ಕೆ ಮಾತ್ರ ಬೇರೆ ಸ್ಯಾಂಪಲ್ ಬೇಕು.

ಇಲ್ಲೊಂದು ಮಾತು ಎಲ್ಲರಿಗೂ ಮುಟ್ಟಿಸ್ರಿ. ಈ ದ್ರಾವಣ ಚೆಲ್ಲಿದ್ರೆ ಅದರ ಮೇಲೆ ಬ್ಲೀಚಿಂಗ್ ಪುಡಿ, ಹೈಪೋಕ್ಲೋರೈಟ್ ಹಾಕಲೇಬಾರದು, ವಿಷಗಾಳಿ ಏಳ್ತದ. ಗ್ಲೌಸ್ ಹಾಕ್ಕೊಂಡು, ಹೀರುವ ಕಾಗದದಿಂದ ತೆಗೆದು, ಸೋಪಿನ ನೀರಿನಿಂದ ಒರೆಸಬೇಕು. ನಮ್ಮ ಪೌರಕಾರ್ಮಿಕರಿಗೆ, ಆಸ್ಪತ್ರೆಯ ಗುತ್ತಿಗೆ ನೌಕರರಿಗೆ ಎಲ್ಲಾ ರೋಗಕ್ಕೂ ಬ್ಲೀಚಿಂಗ್ ಪುಡಿಯೇ ಮದ್ದು ಅಂತ ಕಲಿಸಿ ಬಿಟ್ಟಾರ. ಟ್ಯೂಬ್ ಬದಲಾಯಿಸಿ, ಕೆಲಸದವರಿಗೆ ಹೇಳದೇ ಬಿಟ್ರೆ ಡಾಕ್ಟರ್ ಅಪಾಯ ತಪ್ಪಿಸಿ ಕಸಬರಿಗೆ ಹಿಡಿದೋರ ಕೈಗೆ ಅಪಾಯ ಕೊಟ್ಟಂಗ.

ನಾನು ಗುಮಾಸ್ತ, ಇಂಡೆಂಟ್ ಅಂದ್ರೇನು ಅಂತ ಗೊತ್ತು. ಅದರಲ್ಲಿ ಬರೆಯೋ ಒಂದು ಸಾಲಿನ ಮೇಲೆ ಯಾವ ಟ್ಯೂಬ್ ಬರ್ತದ ಅನ್ನೋದು ನಿಂತದ. ದರ ಕಡಿಮೆ ಅನ್ನೋ ಒಂದೇ ಕಾರಣಕ್ಕೆ ಆ ಸಾಲು ಬರೀಬಾರದು.

ನಮ್ಮ ಬೇಡಿಕೆ ಮೂರು. ಪಿಸಿಆರ್ ಸ್ಯಾಂಪಲ್‌ಗೆ ತಾಲ್ಲೂಕು ಆಸ್ಪತ್ರೆಗಳಿಗೂ ವೈರಸ್ ನಿಷ್ಕ್ರಿಯ ಮಾಡುವ ಟ್ಯೂಬ್ ಕೊಡ್ರಿ. ಸಾಗಿಸೋರಿಗೆ, ಸ್ವಚ್ಛ ಮಾಡೋರಿಗೆ ಕನ್ನಡದಾಗ ತರಬೇತಿ ಕೊಡ್ರಿ. ಚೆಲ್ಲಿದಾಗ ಏನು ಮಾಡಬೇಕು ಅನ್ನೋ ಚೀಟಿ ಪ್ರತಿ ಡಬ್ಬಿಯ ಮೇಲೂ ಅಂಟಿಸ್ರಿ.

ಮುಂದಿನ ರೋಗ ಬಂದ ಮೇಲೆ ಚಪ್ಪಾಳೆ ತಟ್ಟೋದು ಬ್ಯಾಡ. ಈಗಲೇ ಮನವಿ ಕೊಡೋಣ. ನಿಮ್ಮ ತಾಲ್ಲೂಕಿನಿಂದ ಯಾರು ಬರ್ತೀರಿ, ಕೆಳಗೆ ಬರೀರಿ.