ಖಾಲಿ ಜಾಗವೆಂದು ಬರೆಯುವ ಮುನ್ನ

ಉತ್ತರ ಕನ್ನಡದ ಮಾನ್ಯ ಜಿಲ್ಲಾಧಿಕಾರಿಗಳಿಗೆ,



ಊರಿನ ನಕ್ಷೆಯಲ್ಲಿ ಗಂಡಸರು ದುಡಿಯುವ ಜಾಗಕ್ಕೆಲ್ಲ ಹೆಸರಿರುತ್ತದೆ: ಬಂದರು, ಗೋದಾಮು, ಕೈಗಾರಿಕಾ ಪ್ರದೇಶ. ಹೆಂಗಸರು ದುಡಿಯುವ ಜಾಗ ಮಾತ್ರ ಹೆಚ್ಚಾಗಿ ಖಾಲಿ ಕಾಣುತ್ತದೆ.

ಹೊನ್ನಾವರದ ಕಾಸರಕೋಡು ಟೊಂಕದ ಕಡಲತಡಿಯನ್ನೇ ನೋಡಿ. ಅಲ್ಲಿನ ಮರಳಿನಲ್ಲಿ ಹೆಂಗಸರು ಮೀನು ಹರವುತ್ತಾರೆ, ಮಗುಚುತ್ತಾರೆ, ಕಾಗೆ ನಾಯಿ ಓಡಿಸುತ್ತಾರೆ, ಮೋಡ ಕಂಡರೆ ಓಡೋಡಿ ಬಾಚಿ ಗುಡ್ಡೆ ಹಾಕುತ್ತಾರೆ. ಜೂನ್ 1ರಿಂದ 61 ದಿನ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಆಗ ಎಷ್ಟೋ ಮನೆಯ ಒಲೆ ಉರಿಯುವುದು ಈ ಒಣಮೀನಿನ ದುಡ್ಡಿನಿಂದ. ಖಾಸಗಿ ಬಂದರಿಗೂ ಅದರ ರಸ್ತೆಗೂ ಅದೇ ಕಡಲತಡಿ ಬೇಕಾದಾಗ ಈ ಹೆಂಗಸರು ಪೊಲೀಸರೆದುರು ನಿಂತರು. ಬಂದರು ಬೇಕೋ ಬೇಡವೋ ಎಂಬುದು ಬೇರೆ ವಾದ. ಅವರ ಮಾತು ಹೊರಗೆ ಕೇಳಿಸಲು ಅಷ್ಟು ದೂರ ಹೋಗಬೇಕಾಯಿತಲ್ಲ, ನನ್ನ ತಕರಾರು ಅದಕ್ಕೆ.

ನಮ್ಮ ಭಟ್ಕಳದ ಮಲ್ಲಿಗೆಯೂ ಹಾಗೆಯೇ. ಹಿತ್ತಿಲಲ್ಲಿ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ ಪೇಟೆಗೆ ಕಳಿಸುವವರು ಹೆಚ್ಚಾಗಿ ಹೆಂಗಸರು. ನಕ್ಷೆಗೆ ಅದು ಬರೀ ವಸತಿ ಪ್ರದೇಶ. ಇನ್ನು ತಲೆಯ ಮೇಲೆ ಮೀನಿನ ಬುಟ್ಟಿ ಹೊತ್ತವಳು ಚತುಷ್ಪಥ ಹೆದ್ದಾರಿಯನ್ನು ಎಲ್ಲಿ ದಾಟಬೇಕು ಎಂಬುದನ್ನು ಅವಳನ್ನೇ ಕೇಳಬೇಕು.

ಕೇಳಲು ಕಾನೂನಿನಲ್ಲಿ ದಾರಿಯಿದೆ. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಂತೆ, ಊರಿನ ನಕ್ಷೆ ಒಳಗೊಂಡ ಕರಡು ಮಹಾಯೋಜನೆಗೆ ಅಭಿಪ್ರಾಯ ಹೇಳಲು ಜನರಿಗೆ 60 ದಿನವಿದೆ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ, ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇ 40ಕ್ಕೆ ಕಡಿಮೆಯಿಲ್ಲದಷ್ಟು ಸ್ಥಾನವನ್ನು ವ್ಯಾಪಾರಿಗಳಿಗೇ ಕೊಟ್ಟು, ಅದರಲ್ಲಿ ಮೂರನೇ ಒಂದನ್ನು ಮಹಿಳೆಯರಿಗಿಟ್ಟಿದೆ. ವಾರ್ಡ್ ಸಮಿತಿಯನ್ನು ಸಂವಿಧಾನ ಕಡ್ಡಾಯ ಮಾಡಿರುವುದು 3 ಲಕ್ಷ ಮತ್ತು ಅದಕ್ಕೂ ಹೆಚ್ಚು ಜನಸಂಖ್ಯೆಯ ನಗರಗಳಿಗೆ. ಭಟ್ಕಳ, ಹೊನ್ನಾವರ, ಕುಮಟಾ ಅದರ ಹತ್ತಿರಕ್ಕೂ ಇಲ್ಲ. ಹಾಗಾಗಿ ನಕ್ಷೆಯ ವಿಷಯದಲ್ಲಿ ನಮಗೆ ಆ 60 ದಿನವೇ ಗತಿ.

ಆದರೆ ಆ ಅಭಿಪ್ರಾಯ ಕೇಳಲು ಬೆಳಿಗ್ಗೆ 11ಕ್ಕೆ ಸಭೆ ಕರೆದರೆ ಮೀನು ಮಾರುವವಳು ಬರಲಾರಳು. ಜಿಲ್ಲಾ ಕೇಂದ್ರ ಕಾರವಾರಕ್ಕೆ ಬನ್ನಿ ಎಂದರೆ, ಶಕ್ತಿ ಯೋಜನೆಯಲ್ಲಿ ಹೆಂಗಸರ ಬಸ್ ಪ್ರಯಾಣಕ್ಕೆ ದುಡ್ಡು ಬೇಡ ನಿಜ, ಆ ದಿನದ ದುಡಿಮೆ ಯಾರು ಕೊಡುತ್ತಾರೆ? ಪ್ರಕಟಣೆಯನ್ನು ಕಚೇರಿ ಗೋಡೆಗೆ ಹಚ್ಚಿದರೆ ಸಾಲದು, ಮೀನು ಮಾರುಕಟ್ಟೆಯಲ್ಲಿ ಓದಿ ಹೇಳಬೇಕು, ಭಟ್ಕಳದಲ್ಲಿ ನವಾಯತಿ ಭಾಷೆಯಲ್ಲೂ. ವ್ಯಾಪಾರ ಮುಗಿದ ಮೇಲೆ, ಮಧ್ಯಾಹ್ನ 3ರ ನಂತರ, ಬಂದರಿನ ಹತ್ತಿರದ ಶಾಲೆಯಲ್ಲೋ ಅಂಗನವಾಡಿಯಲ್ಲೋ ಸಭೆ ಇಡಿಸಿ. ನಗರ ಯೋಜನಾ ಅಧಿಕಾರಿ ನಕ್ಷೆಯನ್ನು ನೆಲದ ಮೇಲೆ ಹಾಸಲಿ; ಮೀನು ಎಲ್ಲಿ ಒಣಗುತ್ತದೆ, ಶೌಚಾಲಯ ಎಲ್ಲಿ ಬೇಕು, ದೀಪ ಎಲ್ಲಿ ಉರಿಯುತ್ತಿಲ್ಲ ಎಂದು ಅವರೇ ಗುರುತು ಹಾಕಲಿ. ಯಾವ ಗುರುತನ್ನು ಕೈಬಿಟ್ಟಿರಿ, ಯಾಕೆ ಎಂಬುದನ್ನು ಅದೇ ಜಾಗದಲ್ಲಿ ಬರೆದು ಹಚ್ಚಿಸಿ. ಮೊದಲ ಸಭೆಗೆ ತಾವೂ ಬನ್ನಿ.

ಇಂತಿ,
ಭಟ್ಕಳದ ಒಬ್ಬ ನಿವಾಸಿ